ಯಲ್ಲಾಪುರದ ಕಾಡಿನಲ್ಲಿ ಕಾಲ್ನಡಿಗೆ

ಬನವಾಸಿಗೆ ಬರುವ ಯಾತ್ರಿಕರಲ್ಲಿ ಬಹುಪಾಲು ಜನ ಮಧುಕೇಶ್ವರನ ದರ್ಶನ ಪಡೆದು, ವರದೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಸಂಜೆಯೊಳಗೆ ಮನೆ ಸೇರಿಬಿಡುತ್ತಾರೆ. ಕದಂಬರ ರಾಜಧಾನಿಯೆಂದು, ಅಲ್ಲಮಪ್ರಭುಗಳ ಕಥೆಯಲ್ಲಿ ಬರುವ ಪುರವೆಂದು ನಮ್ಮ ಮನೆಗಳಲ್ಲಿ ಬನವಾಸಿಯ ಹೆಸರು ಪರಿಚಿತ. ಆದರೆ ಆ ಹೆಸರಿನೊಳಗೇ ಇರುವ 'ಬನ'ವನ್ನು ಕಂಡವರು ವಿರಳ. ಇನ್ನೊಂದು ದಿನ ಕೈಯಲ್ಲಿದ್ದರೆ ಶಿರಸಿಯನ್ನು ದಾಟಿ ಯಲ್ಲಾಪುರದವರೆಗೆ ಹೋಗಬೇಕು. ಅಲ್ಲಿ ವಾಹನವನ್ನು ಬಿಟ್ಟು, ದಾರಿ ಬಲ್ಲವರೊಬ್ಬರ ಹಿಂದೆ ನಡೆಯಬೇಕು.

ಕಾಡಿನಲ್ಲಿ ಹೀಗೆ ಮಾರ್ಗದರ್ಶಕನ ಹಿಂದೆ ನಡೆಯುವುದಕ್ಕೆ ಆಫ್ರಿಕಾ ಖಂಡದಲ್ಲಿ ದೊಡ್ಡ ಹೆಸರಿದೆ. 'ಸಫಾರಿ' ಎಂಬುದು ಸ್ವಾಹಿಲಿ ಭಾಷೆಯ ಮಾತು. ಅದರ ಮೂಲ ಅರಬ್ಬಿಯ 'ಸಫರ್', ಅಂದರೆ ಪ್ರಯಾಣ. ಇಂದಿನ ಜಾಂಬಿಯಾ ದೇಶದ ಲುವಾಂಗ್ವ ಕಣಿವೆಯಲ್ಲಿ ನಾರ್ಮನ್ ಕಾರ್ ಎಂಬ ವನ್ಯಜೀವಿ ಅಧಿಕಾರಿ 1950ರಲ್ಲಿ ಅಲ್ಲಿಯ ಎನ್ಸೆಫು ಎಂಬ ಮುಖಂಡನ ಮನವೊಲಿಸಿ, ಕಾಡನ್ನು ನೋಡಲು ಬರುವವರಿಗಾಗಿ ಒಂದು ಬಿಡಾರವನ್ನು ತೆರೆದನು. ಬಂದ ಹಣದಲ್ಲಿ ಪಾಲು ಊರಿನ ಜನಕ್ಕೆ ಸೇರಬೇಕೆಂಬುದು ಅವನ ಯೋಜನೆಯ ತಿರುಳು. ಬಂದೂಕಿನಿಂದ ಕೊಲ್ಲುವ ಸಫಾರಿಯ ಬದಲು ಕಾಲ್ನಡಿಗೆಯಲ್ಲಿ ನೋಡುವ ಸಫಾರಿ ಬೆಳೆದುದು ಆ ಕಣಿವೆಯಲ್ಲಿಯೇ. ಇಂದಿಗೂ ಅಲ್ಲಿ ಮುಂದೆ ಕೋವಿ ಹಿಡಿದ ಕಾವಲುಗಾರ, ಅವನ ಹಿಂದೆ ಮಾರ್ಗದರ್ಶಕ, ಅನಂತರ ಒಂದೇ ಸಾಲಿನಲ್ಲಿ ಮೌನವಾಗಿ ಪ್ರವಾಸಿಗರು.

ನಮ್ಮ ಯಲ್ಲಾಪುರದಲ್ಲಿ ಕೋವಿಯಿಲ್ಲ. ಆದರೆ ಸೋಜಿಗವೇನೆಂದರೆ, ನಮ್ಮ ಮುಂದೆ ನಡೆದ ಹಿರಿಯರ ಪೂರ್ವಜರು ಆಫ್ರಿಕಾದಿಂದಲೇ ಬಂದವರು! ಅವರು ಸಿದ್ದಿ ಜನಾಂಗದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿ, ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಕಾಡಿನಲ್ಲಿ ನೆಲೆನಿಂತರು. 2011ರಲ್ಲಿ ಪ್ರಕಟವಾದ ಹೈದರಾಬಾದಿನ ವಿಜ್ಞಾನಿಗಳ ವಂಶವಾಹಿ ಅಧ್ಯಯನವು ಇವರ ಮೂಲ ಆಫ್ರಿಕಾದ ಬಂಟು ಭಾಷಿಕ ಜನರಲ್ಲಿದೆಯೆಂದು ತೋರಿಸಿತು. ಸ್ವಾಹಿಲಿಯೂ ಬಂಟು ಕುಲದ ಭಾಷೆಯೇ. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ತಮ್ಮನ್ನು ಹಿಡಿಯಲು ಬರುವವರಿಂದ ಪಾರಾಗಬೇಕಿದ್ದ ಜನಕ್ಕೆ ಕಾಡಿನ ಪ್ರತಿಯೊಂದು ಸಪ್ಪಳವನ್ನೂ ಅರಿಯುವುದು ಪ್ರಾಣದ ಪ್ರಶ್ನೆಯಾಗಿದ್ದಿರಬೇಕು. ಆ ಅರಿವು ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ ಉಳಿದು ಬಂದಿದೆ.

ಬೇಡ್ತಿ ಕಣಿವೆಯ ಅಂಚಿನ ಜೇನುಕಲ್ಲು ಗುಡ್ಡದ ಸಮೀಪ, ಮಂಜು ಕರಗುವ ಮುನ್ನ ನಮ್ಮ ನಡಿಗೆ ಆರಂಭವಾಯಿತು. ನಾವು ಎರಡು ಕುಟುಂಬದ ಏಳು ಜನ. ಹಿರಿಯರು ಮೊದಲು ಹೇಳಿದ ಮಾತು, "ಮಾತಾಡಬ್ಯಾಡಿ, ನಾ ನಿಂತ್ರೆ ನೀವೂ ನಿಲ್ಲಿ" ಎಂಬುದಷ್ಟೇ. ಹತ್ತು ಮಾರು ಹೋಗುವಷ್ಟರಲ್ಲಿ ನಿಂತರು. ಕೆಸರಿನಲ್ಲಿ ಗೊರಸಿನ ಅಚ್ಚು. ನಮಗೆ ಅದು ದನದ ಹೆಜ್ಜೆ. ಅವರಿಗೆ ಅದು ಕಾಡುಕೋಣ, ಜೊತೆಗೆ ಕರು. ಹೆಜ್ಜೆಯ ಅಂಚು ಇನ್ನೂ ಕುಸಿದಿರಲಿಲ್ಲವಾಗಿ ರಾತ್ರಿ ಕಳೆದ ಮೇಲೆ ದಾಟಿದ್ದೆಂದು ತಿಳಿಸಿ, ಚಿಟಿಕೆ ಮಣ್ಣನ್ನು ಮೇಲಕ್ಕೆ ತೂರಿ ಗಾಳಿಯ ದಿಕ್ಕನ್ನು ನೋಡಿ, ನಮ್ಮನ್ನು ಬೇರೊಂದು ಸೀಳುದಾರಿಗೆ ತಿರುಗಿಸಿದರು. ಕರುವಿದ್ದ ಕೋಣಕ್ಕೆ ಮನುಷ್ಯರ ವಾಸನೆ ತಾಗಬಾರದಂತೆ. ಇನ್ನೊಂದೆಡೆ ಒಡೆದ ಹುತ್ತ. ಕರಡಿಯ ಉಗುರಿನ ಗೀರುಗಳು ಸ್ಪಷ್ಟವಾಗಿದ್ದವು. ಅಲ್ಲಿ ಮಾತ್ರ ಅವರು ಮೌನದ ನಿಯಮವನ್ನು ತಾವೇ ಮುರಿದು ಜೋರಾಗಿ ಕೆಮ್ಮಿದರು. ಕರಡಿಗೆ ಎದುರಾಎದುರು ಬೆಚ್ಚಿಬೀಳುವ ಸಂದರ್ಭ ಬರಬಾರದೆಂಬುದು ಅವರ ಲೆಕ್ಕ.

ಮತ್ತಿ, ನಂದಿ, ಹೊನ್ನೆ ಮರಗಳ ನಡುವೆ ಬೈನೆಯ ಗೊನೆಗಳು ಜಡೆಯಂತೆ ಇಳಿಬಿದ್ದಿದ್ದವು. ಉಪ್ಪಾಗೆ, ಮುರುಗಲು ಮರಗಳನ್ನು ಅವರು ನೆಂಟರನ್ನು ಪರಿಚಯಿಸುವಂತೆ ಪರಿಚಯಿಸಿದರು. ಒಮ್ಮೆಲೇ ತಲೆಯ ಮೇಲೆ ಉಗಿಬಂಡಿ ಸಾಗಿದಂತೆ ಸದ್ದಾಯಿತು. ಮಕ್ಕಳು ಬೆದರಿ ತಾಯಂದಿರ ಸೆರಗು ಹಿಡಿದರು. ಅದು ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು. ಹೆಣ್ಣು ಮಂಗಟ್ಟೆಯು ಮರದ ಪೊಟರೆಯೊಳಗೆ ಕುಳಿತು ಬಾಯಿಯನ್ನು ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಗಂಡು ವಾರಗಟ್ಟಲೆ ಒಂದು ಸಣ್ಣ ಸೀಳಿನ ಮೂಲಕ ಹಣ್ಣು ತಂದು ಉಣಿಸುತ್ತದೆ. ಗಂಡನ್ನು ಕೊಂದರೆ ಒಳಗಿನ ಸಂಸಾರವೇ ನಾಶ. ಹಳೆಯ ದೊಡ್ಡ ಮರ ಬಿದ್ದರಂತೂ ಪೊಟರೆಗೇ ಗತಿಯಿಲ್ಲ. ಶಿರಸಿ ಸೀಮೆಯ ಸಾಲ್ಕಣಿಯಲ್ಲಿ 1983ರಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದ ಅಪ್ಪಿಕೋ ಚಳವಳಿಯ ಬೆಲೆ ನನಗೆ ಆ ಮರದ ಬುಡದಲ್ಲಿ ಹೆಚ್ಚು ಚೆನ್ನಾಗಿ ಅರ್ಥವಾಯಿತು.

ಜೇನುಕಲ್ಲು ಗುಡ್ಡದ ತುದಿಯಿಂದ ಆಳದಲ್ಲಿ ಬೇಡ್ತಿ ನದಿ ಬೆಳ್ಳಿಯ ಎಳೆಯಾಗಿ ಕಾಣುತ್ತದೆ. ವರ್ಣಿಸಲು ನನ್ನಿಂದಾಗದು. ಆಗ ಅಲ್ಲಿಗೆ ಕಾರಿನಲ್ಲಿ ಬಂದಿಳಿದ ಯುವಕರ ಗುಂಪೊಂದು ನಮ್ಮ ಹಿರಿಯರನ್ನು ಕಂಡು, ಯಾವ ದೇಶದವರೆಂದು ಇಂಗ್ಲಿಷಿನಲ್ಲಿ ಕೇಳಿ, ಕುಣಿದು ತೋರಿಸುವಂತೆ ಒತ್ತಾಯಿಸಿತು. ಅವರು ನಕ್ಕು, "ಯಲ್ಲಾಪುರದವ್ನೇ ತಮಾ" ಎಂದು ಕನ್ನಡದಲ್ಲಿ ಉತ್ತರಿಸಿ ಮುಂದೆ ನಡೆದರು. ನಮಗೆ ಮಾತ್ರ ನಗಲಾಗಲಿಲ್ಲ. ಶತಮಾನಗಳಿಂದ ಇಲ್ಲಿಯೇ ಹುಟ್ಟಿ ಮಣ್ಣಾದ ಈ ಜನಕ್ಕೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತುದೇ 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದುದು 2020ರಲ್ಲಿ. ತಮ್ಮ ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆಂದೂ, ಅವನಿಗೆ ಹೆಜ್ಜೆ ಓದಲು ಬರುವುದಿಲ್ಲವೆಂದೂ ಹಿರಿಯರು ಇಳಿಯುವಾಗ ಹೇಳಿದರು. ವರ್ಷಪೂರ್ತಿ ಈ ಕೆಲಸ ಸಿಕ್ಕರೆ ಅವನೂ ಬಂದಾನೆಂಬ ಆಸೆ ಅವರದು.

ಹೋಗಬಯಸುವ ಕುಟುಂಬಗಳಿಗೆ ಎರಡು ಮಾತು. ಯಲ್ಲಾಪುರವು ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯಲ್ಲಿದೆ, ಬಸ್ಸುಗಳು ಧಾರಾಳ. ಕಾರ್ತಿಕದಿಂದ ಮಾಘದವರೆಗೆ ಹವೆ ಹಿತಕರ. ಮಳೆಗಾಲದಲ್ಲಿ ಉಂಬಳಗಳ ಕಾಟ ವಿಪರೀತ. ಹೋಗಲೇಬೇಕೆಂದರೆ ಸುಣ್ಣ-ತಂಬಾಕಿನ ಪೊಟ್ಟಣ ಜೊತೆಗಿರಲಿ. ಅರಣ್ಯ ಇಲಾಖೆಯ ಅನುಮತಿಯ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಬಣ್ಣಬಣ್ಣದ ಉಡುಪು, ಸುಗಂಧ, ಮೊಬೈಲಿನ ಹಾಡು ಬೇಡ. ಮಾರ್ಗದರ್ಶಕರ ಕೂಲಿಯನ್ನು ಹೊರಡುವ ಮೊದಲೇ ಕೇಳಿ ತಿಳಿದು, ಚೌಕಾಶಿಯಿಲ್ಲದೆ ಅವರ ಕೈಗೇ ಕೊಡಿರಿ.