ಮಳೆಯಲ್ಲಿ ಮೋಟಾರು ಪಂದ್ಯ

ಐವತ್ತೆಂಟು ತುಂಬಿದ ಮನುಷ್ಯನು ತೀರ್ಥಯಾತ್ರೆಗೆ ಹೊರಡಬೇಕು. ಇಲ್ಲವೆ ಮೊಮ್ಮಕ್ಕಳನ್ನು ಆಡಿಸಿಕೊಂಡು ಮನೆಯಲ್ಲಿರಬೇಕು. ಮೋಟಾರು ಪಂದ್ಯಕ್ಕೆ ಹೊರಡುವುದುಂಟೆ? ಈ ಪ್ರಶ್ನೆಯನ್ನು ನನಗೆ ಮೊದಲು ಹಾಕಿದವಳು ನನ್ನ ಹೆಂಡತಿ. ತಕ್ಕ ಉತ್ತರ ಹೊಳೆಯದೆ, "ಮಳೆ ಬಂದರೆ ಖಂಡಿತ ಹೋಗುವುದಿಲ್ಲ" ಎಂದು ಮಾತು ಕೊಟ್ಟೆ. ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಚಾಮುಂಡಿ ಬೆಟ್ಟ ಮೋಡದೊಳಗೆ ಮಾಯವಾಗಿದ್ದಿತು. ಮಳೆಯೂ ಬಂದಿತು, ನಾನೂ ಹೋದೆ.

ಇದು ಕೆಲವು ವರ್ಷಗಳ ಹಿಂದಿನ ಮಾತು. ನಾವು ನಾಲ್ವರು ನಜರ್‌ಬಾದಿನ ಗೆಳೆಯರು: ಒಬ್ಬರು ಡಾಕ್ಟರು, ಒಬ್ಬರು ಕಾಲೇಜಿನ ಮೇಷ್ಟ್ರು, ಬ್ಯಾಂಕಿನಲ್ಲಿದ್ದ ನಾನು, ಮತ್ತು ನಮ್ಮೆಲ್ಲರ ವಾಹನಗಳ ಆಯುಸ್ಸನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡಿದ್ದ ಗ್ಯಾರೇಜಿನ ಭಾಯಿ. ಭಾನುವಾರ ಬೆಳಗ್ಗೆ ಮೈಲಾರಿ ದೋಸೆ ತಿಂದು, ಭಾಯಿಯವರ ಗ್ಯಾರೇಜಿನ ಬಾಗಿಲಲ್ಲಿ ಕುಳಿತು ಹರಟುವುದು ನಮ್ಮ ಮೂವತ್ತು ವರ್ಷದ ವಾಡಿಕೆ. ನಮ್ಮ ನಜರ್‌ಬಾದಿಗೆ ಅವಸರದ ಕಥೆ ಹೊಸದಲ್ಲ. ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಇಲ್ಲಿಗೆ ಸಾಗಿಸಿ ಹೊಸ ಕೋಟೆ ಕಟ್ಟಲು ಹೊರಟನೆಂದೂ, 1799ರಲ್ಲಿ ಅವನು ಮಡಿದ ಮೇಲೆ ಅವೇ ಕಲ್ಲುಗಳು ಮತ್ತೆ ಮೈಸೂರಿಗೆ ಹಿಂದಿರುಗಿದುವೆಂದೂ ಚರಿತ್ರೆ ಹೇಳುತ್ತದೆ. ಮೇಷ್ಟ್ರು ಇದನ್ನು ನೆನಪಿಸಿ, "ಈ ಜಾಗದಲ್ಲಿ ಆತುರಪಟ್ಟವರು ಹೊರಟ ಕಡೆಗೇ ಮರಳಬೇಕಾಗುತ್ತದೆ, ರಾಯರೇ" ಎನ್ನುವುದುಂಟು. ಅವರ ಮಾತಿಗೆ ಆಗ ನಾನು ನಗುತ್ತಿದ್ದೆ.

ಓಟದ ಹುಚ್ಚು ನಮಗೆ ಹಿಡಿದದ್ದು ಹರೆಯದಲ್ಲಿ. 1980ರ ದಶಕದ ಆರಂಭದಲ್ಲಿ ನಾನೂ ಡಾಕ್ಟರೂ ಒಂದೇ ಯೆಜ್ಡಿ ಮೋಟಾರ್ ಸೈಕಲ್ಲಿನ ಮೇಲೆ, ಐನೂರು ಕಿಲೋಮೀಟರಿಗೆ ಸಮೀಪದ ದಾರಿ ಸವೆಸಿ, ಮದರಾಸಿನ ಹತ್ತಿರದ ಶೋಲಾವರಂಗೆ ಹೋಗಿದ್ದೆವು. ಆ ಯೆಜ್ಡಿಯೂ ನಮ್ಮೂರಿನದೇ; ಯಾದವಗಿರಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಶೋಲಾವರಂನಲ್ಲಿದ್ದುದು ಎರಡನೆಯ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣ. ವಿಮಾನಗಳು ಓಡಿದ ದಾರಿಯ ಮೇಲೆ ಮದರಾಸಿನ ಮೋಟಾರು ಕ್ರೀಡಾ ಕ್ಲಬ್ಬಿನವರು ವರ್ಷವರ್ಷವೂ ಪಂದ್ಯ ನಡೆಸುತ್ತಿದ್ದರು. 1990ರಲ್ಲಿ ಶ್ರೀಪೆರಂಬದೂರಿನ ಬಳಿ ನಿಜವಾದ ಓಟದ ಹಾದಿ ಸಿದ್ಧವಾಗುವವರೆಗೆ ದಕ್ಷಿಣ ದೇಶದ ಹುಡುಗರಿಗೆ ಅದೇ ಕಾಶಿ, ಅದೇ ರಾಮೇಶ್ವರ. ಬಿಸಿಲಿನಲ್ಲಿ ನಿಂತು, ಕಿವಿ ಕಿವುಡಾಗುವಷ್ಟು ಸದ್ದು ಕೇಳಿ, ಊರಿಗೆ ಮರಳಿದ ಮೇಲೆ ನಾವಿಬ್ಬರೂ ಒಂದು ಶಪಥ ಮಾಡಿದೆವು: ಎಂದಾದರೊಂದು ದಿನ ನಾವೂ ಓಡಿಸಬೇಕು. ಆಮೇಲೆ ಪರೀಕ್ಷೆ, ನೌಕರಿ, ಮದುವೆ, ಮಕ್ಕಳ ಶಾಲೆಯ ಫೀಜು. ಶಪಥಕ್ಕೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಧೂಳು ಹಿಡಿಯಿತು.

ಆ ಧೂಳನ್ನು ಕೊಡವಿದವರು ಭಾಯಿ. ಯಾರೋ ಗುಜರಿಗೆ ಕೊಡಲಿದ್ದ ಹಳೆಯ ಮಾರುತಿ ಎಸ್ಟೀಮನ್ನು ಅಗ್ಗಕ್ಕೆ ತಂದು, ಸೀಟುಗಳನ್ನು ಕಿತ್ತು, ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಬೆಸೆಸಿ ನಿಲ್ಲಿಸಿದರು. ಎಸ್ಟೀಮ್ ಎಂದರೆ 1994ರಲ್ಲಿ ಬಂದು 2007ರಲ್ಲಿ ನಿಂತುಹೋದ, 1,298 ಸಿಸಿ ಎಂಜಿನಿನ ಸಂಸಾರಸ್ಥರ ಕಾರು. ಆದರೆ ಹಗುರವಾದ ಮೈ, ಚುರುಕಾದ ಎಂಜಿನು. ಆದ್ದರಿಂದ ನಮ್ಮ ದೇಶದ ಹವ್ಯಾಸಿ ಓಟಗಾರರಿಗೆ ಅದು ಬಹುಕಾಲ ಮೆಚ್ಚಿನ ಕುದುರೆಯಾಗಿದ್ದಿತು. ಪರದೇಶದ ಓಟದ ಕಾರುಗಳ ಬೆಲೆ ಕೇಳುವ ಯೋಗ್ಯತೆಯೂ ನಮಗಿರಲಿಲ್ಲ. ನಾಲ್ವರು ಪಾಲು ಹಾಕಿಕೊಂಡ ಈ ಕಾರಿಗೆ ಡಾಕ್ಟರು ಹಳದಿ ಬಣ್ಣ ಬಳಿಸಿದರು. ಮೇಷ್ಟ್ರು ಪೂಜೆ ಮಾಡಿಸಿ ನಿಂಬೆಹಣ್ಣು ಇಡಿಸಿದರು.

ನಜರ್‌ಬಾದಿನಿಂದ ಪೂರ್ವಕ್ಕೆ ಹೋದರೆ ಲಲಿತಮಹಲ್ ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ಬಿಡಾರಕ್ಕೆಂದು 1921ರಲ್ಲಿ ಅಸ್ತಿಭಾರ ಹಾಕಿಸಿದ ಈ ಬಿಳಿಯ ಅರಮನೆ 1974ರಿಂದ ಹೋಟೆಲಾಗಿದೆ. ಅದರ ಸಮೀಪದ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ಓಟಗಳು ಹಲವು ಬಾರಿ ನಡೆದಿವೆ. ಅಂಥದೊಂದು ಸಣ್ಣ ಪಂದ್ಯಕ್ಕೆ ನಾವು ಹೆಸರು ಕೊಟ್ಟಿದ್ದೆವು.

ಈ ಬಗೆಯ ಪಂದ್ಯವನ್ನು ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಇಲ್ಲಿ ಕಾರುಗಳು ಒಂದನ್ನೊಂದು ನೂಕಿಕೊಂಡು ಓಡುವುದಿಲ್ಲ. ಮೈದಾನದಲ್ಲಿ ಬಾವುಟ, ರಬ್ಬರಿನ ಕೋನು, ಹಳೆಯ ಟೈರುಗಳನ್ನಿಟ್ಟು ಅಂಕುಡೊಂಕಾದ ದಾರಿಯನ್ನು ಗುರುತು ಮಾಡಿರುತ್ತಾರೆ. ಒಬ್ಬೊಬ್ಬರಾಗಿ ಓಡಿಸಬೇಕು, ಗಡಿಯಾರವೇ ಎದುರಾಳಿ. ಕೋನನ್ನು ಉರುಳಿಸಿದರೆ ದಂಡವಾಗಿ ಕೆಲವು ಸೆಕೆಂಡುಗಳನ್ನು ಸೇರಿಸುತ್ತಾರೆ. ದಾರಿ ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ. ತಿರುವುಗಳಲ್ಲಿ ಮಾರ್ಷಲ್‌ಗಳೆಂಬ ಸ್ವಯಂಸೇವಕರು ಬಾವುಟ ಹಿಡಿದು ನಿಂತಿರುತ್ತಾರೆ. ಹೆಚ್ಚಿನವರು ಕಾಲೇಜಿನ ಹುಡುಗರು. ಸಂಬಳವಿಲ್ಲ, ಊಟದ ಪೊಟ್ಟಣವೊಂದೇ ಲಾಭ.

ಶನಿವಾರ ಹನ್ನೊಂದು ಗಂಟೆಯ ಹೊತ್ತಿಗೆ ಮೈದಾನದ ಕೆಮ್ಮಣ್ಣು ಪಾಯಸವಾಗಿದ್ದಿತು. ಡಾಕ್ಟರು ಮೊದಲು ಹೋಗಿ, ಎರಡನೆಯ ತಿರುವಿನಲ್ಲಿ ಹೂತುಕೊಂಡು, ಟ್ರಾಕ್ಟರಿನ ಹಿಂದೆ ಮೆರವಣಿಗೆಯಲ್ಲಿ ಬಂದರು. ಮೇಷ್ಟ್ರು ದಾರಿಯೇನೋ ಮುಗಿಸಿದರು. ಆದರೆ ಒರಸುಕಡ್ಡಿಯ ಗುಂಡಿಯೆಂದು ಹಾರನ್ನಿನ ಗುಂಡಿಯನ್ನೇ ಒತ್ತುತ್ತ ಹೋದುದರಿಂದ, ಮೈದಾನಕ್ಕೆಲ್ಲ ಮದುವೆಯ ದಿಬ್ಬಣದ ಕಳೆ ಬಂದಿತು. ನನ್ನ ಸರದಿ ಬಂದಾಗ ಭಾಯಿ ಕಿಟಕಿಗೆ ಬಗ್ಗಿ, "ಸಾರ್, ತಿರುವಿಗೆ ಮುಂಚೇನೇ ಬ್ರೇಕ್ ಹಾಕಿ ಮುಗಿಸಿಬಿಡಿ. ತಿರುವಿನೊಳಗೆ ಹೋದ ಮೇಲೆ ಮುಟ್ಟಬೇಡಿ" ಎಂದರು. ತಲೆಯಾಡಿಸಿದೆ. ಆದರೆ ನನ್ನ ಮನಸ್ಸು ಅವರ ಮಾತಿನ ಮೇಲಿರಲಿಲ್ಲ. ಹಗ್ಗದಾಚೆ ಕೊಡೆ ಹಿಡಿದು ನಿಂತಿದ್ದ ನಮ್ಮ ಬ್ಯಾಂಕಿನ ಕಿರಿಯ ಗುಮಾಸ್ತರ ಮೇಲಿದ್ದಿತು. ಸೋಮವಾರ ಅವರು ಏನೆಂದು ಮಾತಾಡಿಕೊಳ್ಳಬಹುದೆಂದು ಯೋಚಿಸುತ್ತಿದ್ದೆ.

ನೇರ ದಾರಿಯಲ್ಲಿ ಕಾರು ಗಂಟೆಗೆ ಅರುವತ್ತು ಕಿಲೋಮೀಟರು ಮುಟ್ಟಿತು. ಹೆದ್ದಾರಿಯಲ್ಲಿ ಇದು ನಗೆಪಾಟಲಿನ ವೇಗ. ಆದರೆ ಅರುವತ್ತೆಂದರೆ ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಮೇಲು. ರೆಪ್ಪೆ ಬಡಿದು ತೆರೆಯುವಷ್ಟರಲ್ಲಿ ಒಂದು ಕಾರಿನುದ್ದ ಸರಿದುಹೋಗುತ್ತದೆ. ತಿರುವು ಎದುರಿಗೇ ಬಂದಿತು. ಚಕ್ರವನ್ನು ಎಡಕ್ಕೆ ತಿರುಗಿಸಿದೆ; ವೇಗ ಹೆಚ್ಚೆನಿಸಿ, ಭಯದಿಂದ ಬ್ರೇಕನ್ನು ಬಲವಾಗಿ ತುಳಿದೆ. ಮುಂದಿನ ಗಾಲಿಗಳು ಕಚ್ಚಿಕೊಂಡವು. ಸ್ಟಿಯರಿಂಗ್ ಪೂರ್ತಿ ಎಡಕ್ಕಿದ್ದಿತು; ಕಾರು ಮಾತ್ರ ಸೋಪಿನ ಬಿಲ್ಲೆಯಂತೆ ನೇರವಾಗಿ ಜಾರುತ್ತಿದ್ದಿತು. ಎದುರಿಗೆ ಟೈರುಗಳ ಸಾಲು. ಅದರ ಹಿಂದೆ ಹಳದಿ ಬಾವುಟ ಹಿಡಿದ ಹುಡುಗ.

ಆ ಹೊತ್ತಿನಲ್ಲಿ ದೇವರ ನೆನಪಾಯಿತೆಂದು ಬರೆದರೆ ಸುಳ್ಳಾದೀತು. ಅವನ ಬಾವುಟದ ಕೋಲಿಗೆ ಸುತ್ತಿದ್ದ ನೀಲಿ ಬಣ್ಣದ ಅಂಟುಪಟ್ಟಿ ಮಾತ್ರ ಕಣ್ಣಿಗೆ ಕಟ್ಟಿದಂತಾಯಿತು. ಕಾರು ಟೈರುಗಳಿಗೆ ಬಡಿದು ನಿಂತಿತು. ಮೇಲಿನದೊಂದು ಟೈರು ಉರುಳಿ, ಒಂದು ಕ್ಷಣದ ಹಿಂದೆ ಆ ಹುಡುಗ ನಿಂತಿದ್ದ ಜಾಗದಲ್ಲಿಯೇ ಬಿದ್ದಿತು. ಅವನು ಆಗಲೇ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಿದ್ದ. ಓಡಿಬಂದು, "ಏನೂ ಆಗಲಿಲ್ಲ ಅಂಕಲ್, ನಿಮಗೆ ಪೆಟ್ಟಾಯಿತಾ?" ಎಂದು ಕೇಳಿದ. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇದ್ದಿತು. ಕೆಸರಿನ ಬಟ್ಟೆಯನ್ನು ಗ್ಯಾರೇಜಿನಲ್ಲಿಯೇ ಬಚ್ಚಿಟ್ಟು, "ಪಂದ್ಯ ನೋಡಿಕೊಂಡು ಬಂದೆ" ಎಂದು ಹೆಂಡತಿಗೆ ಹೇಳಿದ್ದೆ. ನನಗೂ ಆ ವಯಸ್ಸಿನ ಮಗನಿದ್ದಾನೆ. ಯಾರದೋ ಮನೆಯ ಹುಡುಗ, ಊಟದ ಪೊಟ್ಟಣವೊಂದಕ್ಕೆ ಮಳೆಯಲ್ಲಿ ನಿಂತವನು, ನಾನು ನಾಲ್ಕು ಗುಮಾಸ್ತರ ಮುಂದೆ ಶೂರನೆನಿಸಿಕೊಳ್ಳಲು ಹೊರಟುದಕ್ಕೆ ಬೆಲೆ ತೆರಬೇಕಾಗಿದ್ದಿತೆ? ಬೆಳಗಾಗುವ ಹೊತ್ತಿಗೆ ಪಂದ್ಯದಿಂದ ಹೆಸರು ಹಿಂತೆಗೆದುಕೊಳ್ಳುವುದೆಂದು ನಿಶ್ಚಯಿಸಿದೆ.

ಭಾನುವಾರ ಮೈದಾನಕ್ಕೆ ಹೋದವನು ಮೊದಲು ಆ ಹುಡುಗನನ್ನು ಹುಡುಕಿ ಕ್ಷಮೆ ಕೇಳಿದೆ. ಅವನಿಗೆ ಸಂಕೋಚವಾಯಿತು. "ನಿಮ್ಮ ಮುಂದಿನ ಗಾಲಿ ತಿರುಗೋದು ನಿಂತಿದ್ದು ಕಾಣಿಸಿತು ಅಂಕಲ್. ಗಾಲಿ ನಿಂತರೆ ಕಾರು ನೇರ ಬರುತ್ತೆ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಅದಕ್ಕೇ ಸರಿದೆ. ಬರುವ ಕಾರಿಗೆ ನಾವು ಬೆನ್ನು ತೋರಿಸೋದೇ ಇಲ್ಲ" ಎಂದ. ಅರುವತ್ತರ ಹತ್ತಿರದ ನನಗೆ ತಿಳಿಯದ ವಿದ್ಯೆ ಇಪ್ಪತ್ತರ ಹುಡುಗನಿಗೆ ತಿಳಿದಿದ್ದಿತು. ಆ ವಿದ್ಯೆಯೇ ನಮ್ಮಿಬ್ಬರನ್ನೂ ಉಳಿಸಿದ್ದಿತು.

ನಾನು ಹಿಂದೆಗೆಯುವ ಮಾತನ್ನೆತ್ತಿದಾಗ ಡಾಕ್ಟರು ಸುಮ್ಮನಿದ್ದರು. ಭಾಯಿ ಮಾತ್ರ ತಮ್ಮ ಅಂಗೈಯನ್ನು ಒದ್ದೆಯ ಬಾನೆಟ್ಟಿನ ಮೇಲೆ ಊರಿ ತೋರಿಸಿದರು. "ನೋಡಿ ಸಾರ್, ಒಂದು ಟೈರು ನೆಲ ಹಿಡಿಯೋದು ಇಷ್ಟೇ ಜಾಗದಲ್ಲಿ. ನಾಲ್ಕು ಅಂಗೈ ಸೇರಿ ಸುಮಾರು ಒಂಬೈನೂರು ಕಿಲೋ ಹಿಡೀಬೇಕು. ಅದಕ್ಕೆ ನಿಲ್ಲೋ ಕೆಲಸ ಕೊಡಿ, ಮಾಡುತ್ತೆ. ತಿರುಗೋ ಕೆಲಸ ಕೊಡಿ, ಮಾಡುತ್ತೆ. ಮಳೆಯಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡನ್ನೂ ಬಿಟ್ಟುಬಿಡುತ್ತೆ. ನಿನ್ನೆ ನೀವು ಹೆದರಿ ಬ್ರೇಕ್ ಹಾಕಿದಿರಿ. ಇವತ್ತು ತಿಳಿದು ಹಾಕಿ. ಹೆದರಿಕೊಂಡೇ ಬಿಟ್ಟುಬಿಟ್ಟರೆ, ನಾಳೆ ರಸ್ತೆಯಲ್ಲಿ ನಾಯಿ ಅಡ್ಡ ಬಂದಾಗ ಮತ್ತೆ ಅದನ್ನೇ ಮಾಡ್ತೀರಿ."

ಈ ಕೊನೆಯ ಮಾತು ನನ್ನನ್ನು ತಡೆದು ನಿಲ್ಲಿಸಿತು. ಹೆಲ್ಮೆಟ್ ತೊಟ್ಟು ಕುಳಿತೆ. ಗುಮಾಸ್ತರತ್ತ ನೋಡಲಿಲ್ಲ. ಪ್ರತಿಯೊಂದು ತಿರುವಿಗೂ ಬಹು ಮುಂಚೆಯೇ ವೇಗ ತಗ್ಗಿಸಿ, ಪಾದವನ್ನು ಬ್ರೇಕಿನಿಂದ ತೆಗೆದು, ಮೆಲ್ಲನೆ ತಿರುಗಿಸಿದೆ. ಗಾಲಿಗಳು ನೆಲವನ್ನು ಹಿಡಿದುಕೊಂಡು ತಿರುಗುವುದು ನನ್ನ ಬೆರಳುಗಳಿಗೇ ತಿಳಿಯಿತು. ಪಳಗಿದ ಎತ್ತು ಹಗ್ಗದ ಸನ್ನೆಗೆ ತಿರುಗುವ ಹಾಗೆ. ನಿನ್ನೆಯ ತಿರುವಿನಲ್ಲಿ ಆ ಹುಡುಗ ನನ್ನ ಗಾಲಿಗಳನ್ನೇ ನೋಡುತ್ತ ನಿಂತಿದ್ದ. ಒಂದು ಕೋನೂ ಬೀಳಲಿಲ್ಲ. ಕೊನೆಯ ಗೆರೆ ದಾಟಿದಾಗ, ಶೋಲಾವರಂನಲ್ಲಿ ಗೆದ್ದವನಿಗೂ ಇಷ್ಟು ಸಂತೋಷವಾಗಿರಲಾರದು ಎನ್ನಿಸಿತು. ನನ್ನ ಸ್ಥಾನ ಕೊನೆಯಿಂದ ಎರಡನೆಯದು. ಕೊನೆಯದು ಡಾಕ್ಟರದು, ಟ್ರಾಕ್ಟರಿನ ಹಿಂದೆ ಬಂದ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಅವರ ಇಂದಿನವರೆಗಿನ ವಾದ.

ಸಂಜೆ ಕೆಸರಿನ ಬಟ್ಟೆಯಲ್ಲೇ ಮನೆಗೆ ಹೋಗಿ, ಹೆಂಡತಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, "ಆ ಹುಡುಗನಿಗೆ ನಿಜವಾಗಿ ಏನೂ ಆಗಲಿಲ್ಲ ತಾನೆ?" ಎಂದು ಕೇಳಿದಳು. ಇಲ್ಲವೆಂದೆ. "ಹಾಗಾದರೆ ಬಟ್ಟೆ ನೀವೇ ಒಗೆದುಕೊಳ್ಳಿ" ಎಂದು ಒಳಗೆ ಹೋದಳು. ಕೊಟ್ಟ ಮಾತನ್ನು ತಪ್ಪಿದುದಕ್ಕೆ ಇದು ತೀರ ಕಡಿಮೆಯ ದಂಡವೆಂದು ನಾನು ಬಲ್ಲೆ.

ಲಲಿತಮಹಲ್ ರಸ್ತೆಯಲ್ಲಿ ರಾತ್ರಿಯ ಹೊತ್ತು ಬೈಕುಗಳನ್ನು ಹುಚ್ಚಾಗಿ ಓಡಿಸುವ ತರುಣರನ್ನು ಕಂಡಾಗ, ಬೈಯಬೇಕೆಂದು ನನಗೆ ಈಗ ಅನ್ನಿಸುವುದಿಲ್ಲ. ಆ ಆಸೆಯನ್ನು ನಾನೂ ಬಲ್ಲೆ. ಕರೆದು ಒಂದೇ ಒಂದು ಸಂಗತಿ ಹೇಳಬೇಕೆನ್ನಿಸುತ್ತದೆ. ಮೈದಾನದಲ್ಲಿ ನಾನು ತಪ್ಪಿದಾಗ, ನನ್ನ ಗಾಲಿಗಳ ಮೇಲೆ ಕಣ್ಣಿಟ್ಟು ನಿಂತಿದ್ದವನೊಬ್ಬನಿದ್ದ. ರಸ್ತೆಯಲ್ಲಿ ಅಂಥವನಿಲ್ಲ. ಅಲ್ಲಿ ಹೂವು ಕೊಂಡು ಮನೆಗೆ ಹೋಗುವ ಹೆಂಗಸಿದ್ದಾಳೆ, ಪಾಠ ಮುಗಿಸಿ ಸೈಕಲ್ ತುಳಿಯುವ ಮಗುವಿದೆ; ಅವರು ನಮ್ಮ ಗಾಲಿಗಳನ್ನು ನೋಡುತ್ತಿರುವುದಿಲ್ಲ.

ಸೋಮವಾರ ಬೆಳಗ್ಗೆ ಮಳೆ ಬಿಟ್ಟಿದ್ದಿತು. ಬ್ಯಾಂಕಿಗೆ ಹೊರಟ ನನ್ನ ಕಾರಿನ ಮುಂದೆ ಟಾಂಗಾವೊಂದು ನಿಧಾನವಾಗಿ ಸಾಗುತ್ತಿದ್ದಿತು. ಹತ್ತು ನಿಮಿಷ ತಡವಾಗಿಯೇ ತಲಪಿದೆ. ದಾರಿಯುದ್ದಕ್ಕೂ ಹಾರನ್ ಒತ್ತಲಿಲ್ಲ.