ಕಾರಾಪುರದ ಸಾಬು ಮತ್ತು ಸಂಯಮದ ಅಭಿನಯ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರವೆಂದರೆ ಇಂದು ಕಬಿನಿಯ ಹಿನ್ನೀರೂ ಸಫಾರಿಯ ಜೀಪುಗಳೂ ನೆನಪಾಗುತ್ತವೆ. 1924ರಲ್ಲಿ ಅಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು ಹಾಲಿವುಡ್ಡಿನ ಹೆಸರಾಂತ ನಟನಾದುದನ್ನು ಬಲ್ಲವರೂ ಆತನನ್ನು ‘ಅದೃಷ್ಟವಂತ ಹುಡುಗ’ನೆಂದೇ ನೆನೆಯುವುದುಂಟು. ಆತನ ಅಭಿನಯವನ್ನು ಅಭಿನಯವೆಂದೇ ಪರಿಗಣಿಸಿದವರು ವಿರಳ.

ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಸಾಬು ತಬ್ಬಲಿ. ಅರಮನೆಯ ಆನೆಲಾಯವೇ ಆಸರೆ. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದ ನಿರ್ದೇಶನಕ್ಕಾಗಿ ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ವೆನಿಸ್ ಉತ್ಸವದಲ್ಲಿ ಪ್ರಶಸ್ತಿ ಪಡೆದರು.

ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ಹೇಳುತ್ತಾನೆ. ಈ ಚಿತ್ರದಲ್ಲಿ ಸಾಬುವಿಗೆ ವಾಚಿಕವು ಹೊಸದಾಗಿ ಕಲಿತ ಭಾಷೆಯದು; ಆಹಾರ್ಯವು ಪೇಟ, ತುಂಡುಬಟ್ಟೆಗಳಷ್ಟೇ. ಉಳಿದದ್ದು ಮೈ ಮತ್ತು ಮನಸ್ಸು. ಆನೆಯ ಬಳಿ ಅಬ್ಬರ ಸಲ್ಲದು. ಕಿವಿಯ ಹಿಂದೆ ಕಾಲ್ಬೆರಳ ಒತ್ತು, ಒಂದು ಮೆಲುನುಡಿ. ಅಷ್ಟರಲ್ಲೇ ಮಾವುತನ ಆಜ್ಞೆ ಮುಗಿಯುತ್ತದೆ. ತೆರೆಯ ಮೇಲಿನ ಸಾಬುವಿನ ಮಿತವಾದ ಚಲನೆಗೆ ಈ ಕಸುಬೇ ಮೂಲ. ಅದನ್ನು ‘ಹುಟ್ಟುಸಹಜ’ವೆಂದು ಹೊಗಳುವುದು ತಲೆಮಾರುಗಳ ಕಲಿಕೆಯನ್ನು ಮರೆಮಾಡುವ ಹೊಗಳಿಕೆ.

‘ಬ್ಲಾಕ್ ನಾರ್ಸಿಸಸ್’ (1947) ಚಿತ್ರದಲ್ಲಿ ಪರಿಸ್ಥಿತಿ ತಿರುಗುಮುರುಗು. ರೇಷ್ಮೆ, ಒಡವೆ, ಸುಗಂಧಗಳಿಂದ ಮೆರೆಯುವ ರಾಜಕುಮಾರನ ಪಾತ್ರವದು. ಆದರೂ ಕೊನೆಯಲ್ಲಿ ಸನ್ಯಾಸಿನಿಯರ ಮುಖ್ಯಸ್ಥೆಯ ಮುಂದೆ ನಾಚಿ ನಿಲ್ಲುವಾಗ ಎಲ್ಲ ಆಡಂಬರವೂ ಸರಿದು, ತಪ್ಪನ್ನರಿತ ತರುಣನೊಬ್ಬನೇ ಉಳಿಯುತ್ತಾನೆ. ಕಣ್ಣೀರಿಲ್ಲ, ಎತ್ತಿದ ದನಿಯಿಲ್ಲ. ಮಾವುತನ ಮಗನೆಂಬ ವಿವರಣೆ ಇಲ್ಲಿ ಸಾಲದು. ಇದು ನಟನ ಸಾಧನೆ.

ಇಂಥ ನಟನಿಗೆ ಹಾಲಿವುಡ್ ಮತ್ತೆ ಮತ್ತೆ ಕೊಟ್ಟದ್ದು ಕಾಡು ಮತ್ತು ತುಂಡುಬಟ್ಟೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ಬಾಂಬರ್ ವಿಮಾನದಲ್ಲಿ ಹೋರಾಡಿ ಪದಕ ಪಡೆದು ಮರಳಿದ ಮೇಲೂ ಇದು ಬದಲಾಗಲಿಲ್ಲ. ‘ಮದರ್ ಇಂಡಿಯಾ’ದ ಬಿರ್ಜೂ ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಬಯಸಿದ್ದು ಸಾಬುವನ್ನೇ, ಅದು ಕೈಗೂಡದೆ ಪಾತ್ರ ಸುನೀಲ್ ದತ್ತರ ಪಾಲಾಯಿತು. 1963ರ ಡಿಸೆಂಬರಿನಲ್ಲಿ, 39ರ ವಯಸ್ಸಿಗೆ, ಸಾಬು ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ.

ಕಾಕನಕೋಟೆಯ ಖೆಡ್ಡಾ 1971ಕ್ಕೆ ಕೊನೆಗೊಂಡಿತು. ಆನೆ ಹಿಡಿಯುತ್ತಿದ್ದ ನೆಲದ ಮೇಲೆ ಕಬಿನಿಯ ನೀರು ನಿಂತಿತು. ಆ ಲೋಕದ ನಡೆನಿಲುವುಗಳನ್ನು ಕಾಣಬೇಕಾದವರು ಇಂದು ಕಾರಾಪುರದ ಹುಡುಗನೊಬ್ಬ ಆನೆಯ ಕೊರಳ ಮೇಲೆ ಕುಳಿತ ಬಗೆಯನ್ನು ತೆರೆಯ ಮೇಲೆ ನೋಡಬೇಕು.