ಅಗ್ಗಿಷ್ಟಿಕೆಯ ಮರ ಹಾಡಿದ ಊರು

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೆಡಿಂಗ್ ಕಡೆಯ ರೈಲು ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಫೆಲ್ಥಮ್ ಬರುತ್ತದೆ. ಕ್ಯಾಮೆರಾ ಹೊತ್ತವರೆಲ್ಲ ಅದಕ್ಕೆ ಮೊದಲೇ ರಿಚ್‌ಮಂಡ್‌ನಲ್ಲೋ ಟ್ವಿಕೆನ್‌ಹ್ಯಾಮ್‌ನಲ್ಲೋ ಇಳಿದುಬಿಟ್ಟಿರುತ್ತಾರೆ. ಫೆಲ್ಥಮ್‌ನಲ್ಲಿ ಇಳಿಯುವವರು ಅಂಗಡಿ ಚೀಲ ಹಿಡಿದ ಗೃಹಿಣಿಯರು, ಶಾಲೆಯ ಹುಡುಗರು, ಇಲ್ಲಿಂದ ಬಸ್ಸು ಹಿಡಿದು ಹೀಥ್ರೋ ವಿಮಾನ ನಿಲ್ದಾಣಕ್ಕೆ ಪಾಳಿಗೆ ಹೋಗುವ ನೌಕರರು. ಅವರಲ್ಲಿ ನಮ್ಮ ಕಡೆಯ ಮುಖಗಳೂ ಸಾಕಷ್ಟು. ಅರಮನೆಯಿಲ್ಲ, ಕೋಟೆಯಿಲ್ಲ. ತಲೆಯ ಮೇಲೆ ವಿಮಾನಗಳ ಗದ್ದಲ ಮಾತ್ರ ಧಾರಾಳ.

ಆದರೂ ಈ ಊರನ್ನು ಹುಡುಕಿಕೊಂಡು ಬರುವವರಿದ್ದಾರೆ. ಇಲ್ಲಿನ ಒಂದು ಸಾಮಾನ್ಯ ಮನೆಯಲ್ಲಿ, 1963ರ ಆಗಸ್ಟ್ ತಿಂಗಳಲ್ಲಿ, ಹದಿನಾರು ವರ್ಷದ ಹುಡುಗನೊಬ್ಬ ತನ್ನ ತಂದೆಯೊಡನೆ ಕೂತು ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಲು ತೊಡಗಿದ. ಮುಗಿಯುವ ಹೊತ್ತಿಗೆ ಸುಮಾರು ಎರಡು ವರ್ಷ ಹಿಡಿಯಿತು. ಖರ್ಚು ಎಂಟು ಪೌಂಡು ಎಂಬ ಲೆಕ್ಕ ಪ್ರಸಿದ್ಧ. ಹುಡುಗನ ಹೆಸರು ಬ್ರಯಾನ್ ಮೇ. ಮುಂದೆ ‘ಕ್ವೀನ್’ ತಂಡದ ಗಿಟಾರ್ ವಾದಕನಾಗಿ ಜಗತ್ತನ್ನೆಲ್ಲ ಸುತ್ತಿದಾಗಲೂ ಆತ ನುಡಿಸಿದ್ದು ಮುಖ್ಯವಾಗಿ ಆ ಒಂದೇ ವಾದ್ಯವನ್ನು.

ಊರಿನ ಬೀದಿಗಳಲ್ಲಿ ಒಂದು ಸುತ್ತು ನಡೆದರೆ ಆ ಕಥೆ ಇಲ್ಲಿಯೇ ಏಕೆ ನಡೆಯಿತೆಂಬುದು ಸ್ವಲ್ಪ ಮಟ್ಟಿಗೆ ಅರ್ಥವಾಗುತ್ತದೆ. ಎರಡೆರಡು ಮನೆಗಳು ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಸಾಲುಗಳು. ಮುಂದೆ ಒಂದು ತುಂಡು ತೋಟ, ಹಿಂದೆ ಇನ್ನೊಂದು ತುಂಡು. ಮಹಡಿಯ ಮೇಲೆ ಪುಟ್ಟ ಕೋಣೆಗಳು. ಬಡವರ ಕೇರಿಯಲ್ಲ, ಹಣವಂತರ ಬಡಾವಣೆಯೂ ಅಲ್ಲ. ತಿಂಗಳ ಸಂಬಳದಲ್ಲಿ ಅಚ್ಚುಕಟ್ಟಾಗಿ ಬಾಳುವ, ಕೆಟ್ಟದ್ದನ್ನು ತಾವೇ ರಿಪೇರಿ ಮಾಡಿಕೊಳ್ಳುವ, ಯಾವುದನ್ನೂ ಎಸೆಯದ ಜನರ ಊರು. ನಮ್ಮಲ್ಲಿ ಬೆಂಗಳೂರಿನ ಹಳೆಯ ಎಚ್.ಎ.ಎಲ್., ಐ.ಟಿ.ಐ. ಕಾಲೋನಿಗಳನ್ನು ಬಲ್ಲವರಿಗೆ ಈ ವಾತಾವರಣ ಹೊಸದೆನಿಸಲಾರದು.

ತಂದೆ ಹೆರಾಲ್ಡ್ ಮೇ ಬ್ರಿಟಿಷ್ ಸರ್ಕಾರದ ವಾಯುಯಾನ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಮಂಜು ಕವಿದಾಗ ಪೈಲಟ್‌ಗೆ ನೆಲ ಕಾಣದಿದ್ದರೂ ವಿಮಾನವನ್ನು ಇಳಿಸುವ ಉಪಕರಣಗಳು ಅವರ ಕ್ಷೇತ್ರ. ಮನೆಯ ರೇಡಿಯೋ, ಟೆಲಿವಿಷನ್‌ಗಳನ್ನು ಅವರೇ ಜೋಡಿಸಿದ್ದರು. ಮಗನೊಡನೆ ಕೂತು ದೂರದರ್ಶಕವನ್ನೂ ಮಾಡಿದ್ದರು. ಮನೆಯ ಒಂದು ಕೋಣೆಯೇ ಕಾರ್ಖಾನೆಯಾಗಿತ್ತು. ಸಂಗೀತವೂ ಬಲ್ಲವರು, ಯುಕುಲೆಲೆ-ಬ್ಯಾಂಜೊ ನುಡಿಸುತ್ತಿದ್ದರು. ಮಗನಿಗೆ ಏಳನೆಯ ಹುಟ್ಟುಹಬ್ಬಕ್ಕೆ ಒಂದು ಸಾದಾ ಗಿಟಾರ್ ಸಿಕ್ಕಿತ್ತು. ಹದಿಹರೆಯಕ್ಕೆ ಬರುವಾಗ ಆಸೆ ಎಲೆಕ್ಟ್ರಿಕ್ ಗಿಟಾರಿಗೆ ಹಾರಿತು. ‘ಶ್ಯಾಡೋಸ್’ ತಂಡದ ಹ್ಯಾಂಕ್ ಮಾರ್ವಿನ್ ಕೈಯಲ್ಲಿ ಮಿಂಚುತ್ತಿದ್ದ ಅಮೆರಿಕದ ಫೆಂಡರ್ ಗಿಟಾರು ಇಂಗ್ಲೆಂಡಿನ ಹುಡುಗರ ನಿದ್ದೆ ಕೆಡಿಸಿದ್ದ ಕಾಲ ಅದು. ಬೆಲೆ ಮಾತ್ರ ಮೇ ಮನೆಯವರ ಕೈಗೆಟುಕುವಂಥದಲ್ಲ. ಹಾಗಾದರೆ ಮಾಡೋಣ, ಅಂಗಡಿಯದಕ್ಕಿಂತ ಒಳ್ಳೆಯದನ್ನೇ ಮಾಡೋಣ ಎಂದು ತಂದೆ ಮಗ ನಿರ್ಧರಿಸಿದರು.

ಇಲ್ಲಿ ಗಿಟಾರಿನ ಒಳಗುಟ್ಟನ್ನು ಒಂದಿಷ್ಟು ಹೇಳಬೇಕು. ವೀಣೆಯ ಕೊಡವಾಗಲಿ, ಸಾದಾ ಗಿಟಾರಿನ ಪೊಳ್ಳು ಹೊಟ್ಟೆಯಾಗಲಿ ಇರುವುದು ತಂತಿಯ ಸಣ್ಣ ದನಿಯನ್ನು ದೊಡ್ಡದು ಮಾಡಲು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೆಲಸ ಆಂಪ್ಲಿಫೈಯರಿನದು. ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಇದಕ್ಕೆ ಪಿಕಪ್ ಎಂದು ಹೆಸರು. ಪೊಳ್ಳು ಹೊಟ್ಟೆ ಬೇಕಿಲ್ಲವಾದ್ದರಿಂದ ಗಿಟಾರಿನ ಒಡಲು ಗಟ್ಟಿ ಹಲಗೆಯೇ ಆದರೂ ನಡೆಯುತ್ತದೆ. ಅಮೆರಿಕದಲ್ಲಿ ಲೆಸ್ ಪಾಲ್ ಒಂದು ಮರದ ದಿಮ್ಮಿಗೇ ತಂತಿ ಬಿಗಿದು ಇದನ್ನು ತೋರಿಸಿದ್ದರು. 1950ರಲ್ಲಿ ಲಿಯೊ ಫೆಂಡರ್ ಅಂಥ ಗಿಟಾರುಗಳನ್ನು ಮಾರಾಟಕ್ಕೇ ಇಳಿಸಿದರು. ಬಡಗಿ ಕೆಲಸ ಗೊತ್ತಿದ್ದವರು ಮನೆಯಲ್ಲೂ ಮಾಡಬಹುದಾದ ವಾದ್ಯ ಇದಾದದ್ದು ಹೀಗೆ.

ಮರ ಎಲ್ಲಿಂದ? ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಕಲ್ಲಿದ್ದಲಿನ ಅಗ್ಗಿಷ್ಟಿಕೆಗಳನ್ನು ಕಿತ್ತು ಗ್ಯಾಸಿನ, ವಿದ್ಯುತ್ತಿನ ಹೀಟರುಗಳನ್ನು ಹಾಕಿಸುತ್ತಿದ್ದ ಕಾಲ. ಪರಿಚಿತರೊಬ್ಬರು ಎಸೆಯಲಿದ್ದ ಅಗ್ಗಿಷ್ಟಿಕೆಯ ಚೌಕಟ್ಟು ಮಹಾಗನಿ ಮರದ್ದು, ನೂರು ವರ್ಷಕ್ಕೂ ಹಳೆಯದು. ಅದೇ ಗಿಟಾರಿನ ಕುತ್ತಿಗೆಯಾಯಿತು. ಹುಳು ಕೊರೆದ ತೂತುಗಳಿದ್ದವು. ಅವಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ನೂರು ವರ್ಷ ಬೆಂಕಿಯ ಪಕ್ಕದಲ್ಲಿ ನಿಂತು ಒಣಗಿದ ಮರ ಇನ್ನು ಬಾಗುವುದೆಲ್ಲಿಂದ ಬಂತು! ದುಡ್ಡು ಕೊಟ್ಟರೂ ಸಿಗದ ಮರ ಕಸಕ್ಕೆ ಹೋಗುವುದರಲ್ಲಿತ್ತು. ಒಡಲಿನ ನಡುಭಾಗಕ್ಕೆ ಹಳೆಯ ಮೇಜಿನ ಓಕ್ ಮರ, ಸುತ್ತ ಬ್ಲಾಕ್‌ಬೋರ್ಡ್, ಮೇಲೆ ಕೆಳಗೆ ಮಹಾಗನಿಯ ತೆಳು ಹಾಳೆ. ಅಂಚಿಗೆ ಕಪಾಟಿನ ಹಲಗೆಗೆ ಅಂಟಿಸುವ ಬಿಳಿ ಪ್ಲಾಸ್ಟಿಕ್ ಪಟ್ಟಿ. ಬಣ್ಣ ಕೆಂಪಗಿದ್ದುದರಿಂದ ‘ರೆಡ್ ಸ್ಪೆಷಲ್’ ಎಂದು ಹೆಸರು ನಿಂತಿತು. ಮನೆಮಂದಿಯಂತೆ ಸಲಿಗೆಯಿಂದ ‘ಮುದುಕಿ’ ಎಂದೂ ಅದನ್ನು ಕರೆಯುವುದುಂಟು.

ಮರಕ್ಕಿಂತ ಕಷ್ಟದ್ದು ಲೆಕ್ಕ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಕೂರಿಸುವ ಮೆಟ್ಟಿಲುಗಳು ಕೂದಲೆಳೆಯಷ್ಟು ಆಚೀಚೆಯಾದರೂ ಶ್ರುತಿ ಹೋಯಿತು. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳು ಇಪ್ಪತ್ತನಾಲ್ಕು; ಮೇಣದ ಮೇಲೆ ಕೂರುತ್ತವೆ, ಕಿವಿ ಒಪ್ಪುವ ತನಕ ಸರಿಸಿ ಸರಿಪಡಿಸಬಹುದು. ಫೆಲ್ಥಮ್‌ನ ಹುಡುಗ ತನ್ನ ಗಿಟಾರಿಗೂ ಇಪ್ಪತ್ತನಾಲ್ಕೇ ಮೆಟ್ಟಿಲು ಇಟ್ಟ. ಆದರೆ ಅವು ಮರದಲ್ಲಿ ಗರಗಸದಿಂದ ಕೊರೆದ ಸೀಳುಗಳಲ್ಲಿ ಕೂರುವಂಥವು. ಒಮ್ಮೆ ಕೂತರೆ ಸರಿಯುವುದಿಲ್ಲ. ತಂತಿಯ ಕಂಪಿಸುವ ಉದ್ದ 24 ಅಂಗುಲ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ ಬರುತ್ತದೆ, ಸುಮಾರು 1.35 ಅಂಗುಲ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕು. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 12 ಅಂಗುಲಕ್ಕೆ ಬಿದ್ದರೆ ಲೆಕ್ಕ ಸರಿ. ಇಪ್ಪತ್ತನಾಲ್ಕನೆಯದು 18 ಅಂಗುಲಕ್ಕೆ. ಕ್ಯಾಲ್ಕುಲೇಟರ್ ಇಲ್ಲದ ದಿನಗಳಲ್ಲಿ ಇದು ಸಣ್ಣ ತಪಸ್ಸಲ್ಲ. ಸ್ಥಾನ ತೋರಿಸುವ ಬಿಳಿ ಚುಕ್ಕೆಗಳು ತಾಯಿ ರೂತ್ ಅವರ ಹೊಲಿಗೆ ಪೆಟ್ಟಿಗೆಯಿಂದ ಬಂದವು. ಮುತ್ತಿನ ಚಿಪ್ಪಿನ ಗುಂಡಿಗಳು!

ಇಡೀ ವಾದ್ಯದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದರ ಟ್ರೆಮೊಲೊ. ಸನ್ನೆಗೋಲಿನಂಥ ಒಂದು ಕಡ್ಡಿಯನ್ನು ಅದುಮಿದರೆ ಆರೂ ತಂತಿಗಳು ಒಟ್ಟಿಗೆ ಸಡಿಲವಾಗಿ ಸ್ವರ ತೂಗಾಡುತ್ತದೆ. ಬಿಟ್ಟೊಡನೆ ತಂತಿಗಳು ಮೊದಲಿನ ಶ್ರುತಿಗೇ ಮರಳಬೇಕು. ಅಗ್ಗದ ಗಿಟಾರುಗಳಲ್ಲಿ ಮರಳುವುದಿಲ್ಲ. ಕಾರಣ ಘರ್ಷಣೆ. ಆರು ತಂತಿಗಳ ಒಟ್ಟು ಎಳೆತ ಮೂವತ್ತೈದು-ನಲವತ್ತು ಕಿಲೋದಷ್ಟು. ಎಲ್ಲಾದರೂ ಸ್ವಲ್ಪ ತಡೆ ಸಿಕ್ಕರೆ ತಂತಿ ಅಲ್ಲೇ ಕಚ್ಚಿಕೊಳ್ಳುತ್ತದೆ. ತಂದೆ ಮಗ ಇದಕ್ಕೆ ತಕ್ಕಡಿಯ ಉಪಾಯ ಹೂಡಿದರು. ಅಕ್ಕಸಾಲಿಗರ ತಕ್ಕಡಿಯ ದಂಡ ಚೂಪಾದ ಅಂಚಿನ ಮೇಲೆ ನಿಂತು ಅಕ್ಕಿಕಾಳಿನ ತೂಕಕ್ಕೂ ಓಲಾಡುವಂತೆ, ಇಲ್ಲೂ ಗಟ್ಟಿ ಉಕ್ಕಿನ ಚಾಕುವಿನಂಥ ಅಂಚಿನ ಮೇಲೆ ಟ್ರೆಮೊಲೊ ನಿಲ್ಲುತ್ತದೆ. ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ 1928ರ ಪ್ಯಾಂಥರ್ ಮೋಟಾರ್ ಸೈಕಲಿನ ಎಂಜಿನ್ನಿನಿಂದ ತೆಗೆದ ಎರಡು ವಾಲ್ವ್ ಸ್ಪ್ರಿಂಗುಗಳು. ಕುದುರೆಯ ಮೇಲೆ ತಂತಿ ಉಜ್ಜದಂತೆ ಪುಟ್ಟ ಪುಟ್ಟ ಉರುಳೆಗಳು. ಮನೆಯಲ್ಲಿ ಲೇತ್ ಇರಲಿಲ್ಲವಾಗಿ ಕೈ ಡ್ರಿಲ್ಲಿಗೆ ಸಿಕ್ಕಿಸಿ ಅರದಿಂದ ತಿರುವಿ ಮಾಡಿದಂಥವು. ತಲೆಯ ಕಡೆಯಲ್ಲಿ ತಂತಿ ಸೊಟ್ಟಗಾಗದೆ ನೆಟ್ಟಗೆ ಬಿರಡೆಗೆ ಹೋಗುವ ಏರ್ಪಾಡು. ಅದುಮುವ ಕಡ್ಡಿ ಮೊದಲು ಸೈಕಲ್ಲಿನ ಚೀಲ ತೂಗುಹಾಕುವ ಕಂಬಿಯಾಗಿತ್ತು. ಅದರ ತುದಿಯ ಟೊಪ್ಪಿಗೆ ತಾಯಿಯ ಹೆಣಿಗೆ ಕಡ್ಡಿಯದು. ಹಳೆ ಸಾಮಾನನ್ನು ತಂದು ಅಂಟಿಸಿದವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವ ಹಳೆ ಸಾಮಾನು ಎಲ್ಲಿ ಕೂತರೆ ಎಷ್ಟು ಭಾರ ತಾಳುತ್ತದೆಂದು ಅಳೆದು ನೋಡಿ, ಪ್ರಯೋಗ ಮಾಡಿ ಕೂರಿಸಿದವರು ಕಡಿಮೆ. ವಿಮಾನ ಇಳಿಸುವವರ ಶಿಸ್ತು ಇಲ್ಲಿ ಕಾಣುತ್ತದೆ.

ಪಿಕಪ್ಪುಗಳನ್ನೂ ಮನೆಯಲ್ಲೇ ಸುತ್ತಿದರು. ಅಂಗಡಿಯಲ್ಲಿ ಸಿಗುವ ಗುಂಡಿಯಂಥ ಅಯಸ್ಕಾಂತಗಳಿಗೆ ತಾಮ್ರದ ತಂತಿ. ದನಿ ಬಂತು, ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ನುಡಿಸಿದಾಗ, ವೈಣಿಕರು ಗಮಕಕ್ಕೆ ಎಳೆಯುತ್ತಾರಲ್ಲ ಹಾಗೆ, ಧ್ರುವಗಳ ಮೇಲೆ ಹಾದು ಒರಟು ಸದ್ದು ಹೊರಟಿತು. ಅದನ್ನು ಕೈಬಿಟ್ಟು ಬರ್ನ್ಸ್ ಕಂಪನಿಯ ಮೂರು ಪಿಕಪ್ಪುಗಳನ್ನು ಕೊಂಡರು. ಅವುಗಳೊಳಗೂ ಅರಲ್ಡೈಟ್ ಅಂಟು ಸುರಿದು ಅನಗತ್ಯದ ಕಿರುಚಾಟ ತಡೆದರು. ಇಡೀ ಗಿಟಾರಿನಲ್ಲಿ ಕೊಂಡು ತಂದ ದೊಡ್ಡ ಭಾಗವೆಂದರೆ ಇದೇ. ಒಂದೊಂದು ಪಿಕಪ್ಪಿಗೂ ಎರಡೆರಡು ಸ್ವಿಚ್ಚು ಇಟ್ಟದ್ದು ಮಾತ್ರ ಅವರದೇ ಯೋಜನೆ. 1975ರ ‘ಗುಡ್ ಕಂಪನಿ’ ಹಾಡಿನಲ್ಲಿ ಕ್ಲಾರಿನೆಟ್, ಟ್ರೊಂಬೋನ್ ಎಂದು ಕಿವಿಗೆ ಮೋಸವಾಗುವ ಇಡೀ ಜಾಝ್ ಮೇಳ ಈ ಒಂದು ಗಿಟಾರಿನದು. ಬೆರಳಿಗೆ ಪ್ಲಾಸ್ಟಿಕ್ ಮೀಟುಕಡ್ಡಿ ಹಿಡಿಯದೆ, 1980ರಲ್ಲಿ ಚಲಾವಣೆ ನಿಂತ ಆರು ಪೆನ್ಸಿನ ನಾಣ್ಯದಿಂದಲೇ ಮೇ ಮೀಟುತ್ತಾರೆ.

ಈಗ ಕಥೆಯ ಇನ್ನೊಂದು ಮಗ್ಗುಲು. ಹೆರಾಲ್ಡ್ ಮೇ ಮಗನಿಗೆ ಗಿಟಾರ್ ಮಾಡಿಕೊಟ್ಟದ್ದು ಆತ ಗಿಟಾರಿನಿಂದ ಹೊಟ್ಟೆ ಹೊರೆಯಲೆಂದಲ್ಲ. ಮಗ ಹ್ಯಾಂಪ್ಟನ್ ಗ್ರಾಮರ್ ಶಾಲೆಯಲ್ಲಿ ಓದಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಸೇರಿ ಭೌತಶಾಸ್ತ್ರದ ಪದವಿ ಪಡೆದ. ಸೌರಮಂಡಲದಲ್ಲಿ ಹರಡಿರುವ ಧೂಳಿನ ಮೇಲೆ ಸಂಶೋಧನೆಗೂ ತೊಡಗಿದ. ತಂದೆ ಕಂಡಿದ್ದ ಕನಸು ಕೈಗೆ ಬರುವುದರಲ್ಲಿತ್ತು. ಆಗಲೇ ಮಗ ಅದನ್ನು ಅರ್ಧಕ್ಕೆ ನಿಲ್ಲಿಸಿ ‘ಕ್ವೀನ್’ ತಂಡದೊಡನೆ ಹೊರಟ. ತಂದೆಗೆ ಇದು ನುಂಗಲಾರದ ತುತ್ತಾಯಿತು. ಇಬ್ಬರ ನಡುವೆ ಕೆಲಕಾಲ ಮಾತೇ ಕಡಿಮೆಯಾಗಿತ್ತೆಂದು ಮಗನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ತಾವೇ ಉಳಿ ಹಿಡಿದು ಕೆತ್ತಿದ ಮರ ಮಗನನ್ನು ತಮ್ಮಿಂದ ಎಳೆದೊಯ್ಯುತ್ತಿದೆ ಎನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಎಂಜಿನಿಯರಿಂಗ್ ಸೀಟು ಬಿಟ್ಟು ನಾಟಕಕ್ಕೋ ಸಂಗೀತಕ್ಕೋ ಹೋದ ಮಕ್ಕಳ ಮನೆಗಳಲ್ಲಿ ಈ ಮೌನ ನಮಗೂ ಗೊತ್ತಿರುವಂಥದೇ.

ಮೌನ ಮುರಿದದ್ದು ನ್ಯೂಯಾರ್ಕಿನಲ್ಲಿ. ಮಗ ತಂದೆ ತಾಯಿಯನ್ನು ಕಾಂಕಾರ್ಡ್ ವಿಮಾನದಲ್ಲಿ ಅಲ್ಲಿಗೆ ಕರೆಸಿಕೊಂಡರು. ಹೆರಾಲ್ಡ್ ಅವರ ದುಡಿಮೆಯ ಒಂದು ಪಾಲು ಇದ್ದ ವಿಮಾನ ಅದು. ಆದರೆ ಅದರ ಟಿಕೆಟ್ಟು ಅವರ ಸಂಬಳದವರಿಗೆ ಕನಸಿನ ಮಾತು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸಾವಿರಾರು ಜನರ ನಡುವೆ ಕೂತು ಅವರು ಆ ಅಗ್ಗಿಷ್ಟಿಕೆಯ ಮರ ಮೊಳಗುವುದನ್ನು ಕೇಳಿದರು. ಕಾರ್ಯಕ್ರಮ ಮುಗಿದ ಮೇಲೆ, ನಿನ್ನ ದಾರಿ ಏನೆಂದು ಈಗ ತಿಳಿಯಿತು ಎಂಬರ್ಥದ ಮಾತನ್ನು ಮಗನಿಗೆ ಹೇಳಿದರಂತೆ. 1988ರಲ್ಲಿ ಅವರು ತೀರಿಕೊಂಡರು. ಮಗನ ಡಾಕ್ಟರೇಟ್ ನೋಡುವ ಭಾಗ್ಯ ಅವರಿಗಿರಲಿಲ್ಲ. ಮೂರು ದಶಕ ಮೂಲೆಯಲ್ಲಿದ್ದ ಆ ಧೂಳಿನ ಪ್ರಬಂಧವನ್ನು ಬ್ರಯಾನ್ ಮೇ ಮುಗಿಸಿ ಪಿಎಚ್.ಡಿ. ಪಡೆದದ್ದು 2007ರಲ್ಲಿ, ಅರುವತ್ತರ ವಯಸ್ಸಿನಲ್ಲಿ.

ಫೆಲ್ಥಮ್‌ನ ಗ್ಲ್ಯಾಡ್‌ಸ್ಟನ್ ಅವೆನ್ಯೂ ಎಂಬ ಬೀದಿಯಲ್ಲಿ ಒಂದು ಮನೆಯ ಗೋಡೆಗೆ ದುಂಡನೆಯ ನೀಲಿ ಫಲಕವಿದೆ. 2016ರಲ್ಲಿ ಹಾಕಿದ್ದು. ಅದು ‘ಕ್ವೀನ್’ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಅವರ ಮನೆ. ಜಾಂಜಿಬಾರ್‌ನ ಪಾರ್ಸಿ ಕುಟುಂಬ, ಓದಿದ್ದು ನಮ್ಮ ಪಂಚಗಣಿಯ ವಸತಿ ಶಾಲೆಯಲ್ಲಿ. 1964ರಲ್ಲಿ ಅವರ ಮನೆಯವರು ಈ ಊರಿಗೆ ಬಂದಿಳಿದಾಗ, ಅಲ್ಲೇ ನಡೆದುಹೋಗುವಷ್ಟು ಹತ್ತಿರದ ಇನ್ನೊಂದು ಮನೆಯಲ್ಲಿ ಗಿಟಾರಿನ ಕೆಲಸ ಸಾಗಿತ್ತು. ಇಬ್ಬರಿಗೂ ಒಬ್ಬರನ್ನೊಬ್ಬರು ಗೊತ್ತಿರಲಿಲ್ಲ.

2002ರ ಜೂನ್ 3ರಂದು ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ತಾರಸಿಯ ಮೇಲೆ ನಿಂತು ಬ್ರಯಾನ್ ಮೇ ರಾಷ್ಟ್ರಗೀತೆ ನುಡಿಸಿದಾಗಲೂ ಹೆಗಲಲ್ಲಿದ್ದದ್ದು ಇದೇ ಮುದುಕಿ. ಅದಕ್ಕೆ ನಾಲ್ಕು ವರ್ಷ ಮೊದಲು, 1998ರಲ್ಲಿ, ಆಸ್ಟ್ರೇಲಿಯದ ಗ್ರೆಗ್ ಫ್ರೈಯರ್ ಎಂಬ ಗಿಟಾರ್ ಕಸುಬಿನವರು ಅದನ್ನು ಬಿಚ್ಚಿ ದುರಸ್ತಿ ಮಾಡಿಕೊಟ್ಟಿದ್ದರು. 2014ರಲ್ಲಿ ಮೇ ಅವರೂ ಸೈಮನ್ ಬ್ರಾಡ್ಲಿಯವರೂ ಸೇರಿ ಇದೊಂದೇ ಗಿಟಾರಿನ ಮೇಲೆ ಇಡೀ ಪುಸ್ತಕ ಬರೆದರು. ಗಟ್ಟಿ ಹಲಗೆಯಂತೆ ಕಾಣುವ ಒಡಲಿನೊಳಗೆ ಹುಡುಗ ಅಲ್ಲಲ್ಲಿ ಪೊಳ್ಳು ಬಿಟ್ಟಿದ್ದಾನೆ. ಆಂಪ್ಲಿಫೈಯರಿನ ದನಿ ಮರಕ್ಕೆ ಬಡಿದು ತಂತಿಯನ್ನು ಮತ್ತೆ ನಡುಗಿಸಲಿ, ಸ್ವರ ನಿಲ್ಲದೆ ಹಾಡುತ್ತಿರಲಿ ಎಂದು. ಆ ಪೊಳ್ಳಿನ ಮೇಲೆ ಪಿಟೀಲಿಗಿರುವಂಥ ಸೊಟ್ಟ ಕಂಡಿಯೊಂದನ್ನು ಕೊರೆಯಬೇಕೆಂದೂ ಯೋಜನೆಯಿತ್ತು. ನುಡಿಸುವ ಆತುರವೋ ಏನೋ, ಅದನ್ನು ಕೊರೆಯುವುದು ಇಂದಿಗೂ ಬಾಕಿ ಇದೆ.